ಬೇಡಿ ಪಡೆದ ಕೋರೆಹಲ್ಲು

ಹಲ್ಲು ಸೊಟ್ಟಗಿದೆಯೆಂದು ದಂತವೈದ್ಯರ ಬಾಗಿಲಿಗೆ ಹೋಗುವವರನ್ನು ನಾವೆಲ್ಲರೂ ಕಂಡಿದ್ದೇವೆ. ನೆಟ್ಟಗಿರುವ ಹಲ್ಲನ್ನು ಸೊಟ್ಟಗೆ ಕಾಣುವಂತೆ ಮಾಡಿಕೊಡಿರೆಂದು ಹಣ ತೆತ್ತು ಕೇಳುವವರೂ ಉಂಟೆಂದರೆ ವಾಚಕರಲ್ಲಿ ಅನೇಕರು ನಗಬಹುದು. ಆದರೆ 2010ರ ದಶಕದ ಆರಂಭದಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ನಡೆದುದು ಇದೇ. ಅಲ್ಲಿಯ ಕೆಲವು ದಂತಾಲಯಗಳಿಗೆ ತರುಣಿಯರು ಬಂದು, ತಮ್ಮ ಮೇಲ್ದವಡೆಯ ಎರಡು ಕೋರೆಹಲ್ಲುಗಳಿಗೆ ಚೂಪಾದ ಕೃತಕ ಹೊದಿಕೆಗಳನ್ನು ಅಂಟಿಸಿಕೊಂಡು, ಅವು ಸಾಲಿನಿಂದ ಹೊರಕ್ಕೆ ಚಾಚಿದಂತೆ ಕಾಣುವ ಹಾಗೆ ಮಾಡಿಸಿಕೊಂಡು ಹೋಗುತ್ತಿದ್ದರು. ಬೇಡವೆಂದಾಗ ತೆಗೆದಿಡಬಹುದಾದ ಹೊದಿಕೆಗಳೂ ಇದ್ದವು. ಹಲ್ಲಿಗೆ ಭದ್ರವಾಗಿ ಬೆಸೆಯುವಂಥವೂ ಇದ್ದವು.

ಹೀಗೆ ಮುಂದಕ್ಕೆ ಚಾಚಿದ ಕೋರೆಯನ್ನು ಜಪಾನೀಯರು 'ಯಾಎಬಾ' ಎಂದು ಕರೆಯುತ್ತಾರೆ. ಎಂಟು ಪದರದ ಹಲ್ಲು ಎಂದು ಅದರ ಶಬ್ದಾರ್ಥ. ಎಂಟು ಎಂಬುದು ಇಲ್ಲಿ ಎಣಿಕೆಯಲ್ಲ. ಒಂದರ ಮೇಲೊಂದು ಎಂಬ ಭಾವ. ಎಸಳಿನ ಮೇಲೆ ಎಸಳು ಒತ್ತಾಗಿ ಅರಳುವ ಒಂದು ಬಗೆಯ ಚೆರಿ ಹೂವಿಗೂ ಅವರಲ್ಲಿ ಇದೇ ವಿಶೇಷಣವುಂಟು. ನಮ್ಮ ಜನ 'ಹಲ್ಲಿನ ಮೇಲೆ ಹಲ್ಲು' ಎನ್ನುವುದು ಇದಕ್ಕೆ ಬಹಳ ಹತ್ತಿರವಾದ ಮಾತು. ಆದರೆ ನಾವು ಅದನ್ನು ಕೊರತೆಯೆಂದು ಹೇಳುತ್ತೇವೆ. ಅವರಲ್ಲಿ ಅನೇಕರು ಅದರಲ್ಲಿ ಎಳೆತನದ ಮುದ್ದನ್ನು ಕಂಡರು. ನಮ್ಮ ಕವಿಗಳು ಹೆಣ್ಣಿನ ಹಲ್ಲನ್ನು ಮಲ್ಲಿಗೆಯ ಮೊಗ್ಗಿಗೂ ದಾಳಿಂಬೆಯ ಬೀಜಕ್ಕೂ ಹೋಲಿಸಿ, ಕೋರೆದಾಡೆಯನ್ನು ರಕ್ಕಸರಿಗೆ ಬಿಟ್ಟುಕೊಟ್ಟವರು.

ನಿಜವಾದ ಯಾಎಬಾ ಹುಟ್ಟುವ ಬಗೆಯನ್ನು ಮೊದಲು ನೋಡೋಣ. ಮೇಲ್ದವಡೆಯಲ್ಲಿ ಶಾಶ್ವತ ಹಲ್ಲುಗಳು ಸಾಲಾಗಿ ಒಂದರ ಪಕ್ಕಕ್ಕೊಂದು ಹುಟ್ಟುವುದಿಲ್ಲ. ಕೋರೆಯ ಮುಂದಿರುವ ಬಾಚಿಹಲ್ಲು 8-9ನೆಯ ವರ್ಷದಲ್ಲಿ ಹೊರಬರುತ್ತದೆ. ಕೋರೆಯ ಹಿಂದಿನ ಹಲ್ಲು 10-11ರಲ್ಲಿ ಬರುತ್ತದೆ. ನಡುವಿನ ಕೋರೆ ಕಾಣಿಸಿಕೊಳ್ಳುವುದು 11-12ರಲ್ಲಿ. ತಡವಾಗಿ ಊಟಕ್ಕೆ ಬಂದ ನೆಂಟನಿಗೆ ಪಂಕ್ತಿಯಲ್ಲಿ ಎಲೆ ಸಿಕ್ಕದಿದ್ದರೆ ಏನಾಗುವುದೋ ಅದೇ ಇಲ್ಲಿಯೂ ಆಗುತ್ತದೆ. ದವಡೆ ಇಕ್ಕಟ್ಟಾಗಿದ್ದರೆ ಎರಡು ಕಡೆಯ ನೆರೆಯವರು ಎಡೆಯನ್ನು ಆಕ್ರಮಿಸಿಬಿಟ್ಟಿರುತ್ತಾರೆ. ಕೋರೆ ಒಸಡಿನ ಮೇಲ್ಭಾಗದಲ್ಲಿ, ತುಟಿಯ ಕಡೆಗೆ, ಹೊರಕ್ಕೆ ತಲೆಹಾಕುತ್ತದೆ. ಅದನ್ನು ಒಳಸಾಲಿಗೆ ಎಳೆದು ತರುವುದಕ್ಕೆ ಬೇರೆಡೆಯ ತಂದೆತಾಯಿಗಳು ತಿಂಗಳುಗಟ್ಟಲೆ ತಂತಿ ಕಟ್ಟಿಸುವರು. ಅಂಥ ಹಲ್ಲನ್ನೇ ನೆಟ್ಟನೆಯ ಸಾಲಿನ ಮೇಲೆ ಕೃತಕವಾಗಿ ಕಟ್ಟಿಸಿಕೊಳ್ಳುವುದು ಟೋಕಿಯೋದ ಆ ತರುಣಿಯರ ಬಯಕೆಯಾಗಿತ್ತು.

ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಮನೆಯ ಕಾರಣವಿದೆ. ಬೆಂಗಳೂರಿನಲ್ಲಿ ಓದುತ್ತಿರುವ, ಇಪ್ಪತ್ತು ವರ್ಷ ವಯಸ್ಸಿನ ನಮ್ಮ ತಂಗಿಯ ಮಗಳು ಜಪಾನಿನ ಚಲನಚಿತ್ರಗಳನ್ನು ನೋಡಿ ನೋಡಿ, ತನಗೂ ಅಂಥ ಎರಡು ಕೋರೆಗಳು ಬೇಕೆಂದು ಹಟ ಹಿಡಿದಳು. "ಮದುವೆಯಾಗಬೇಕಾದ ಹುಡುಗಿಗೆ ರಾಕ್ಷಸಿಯ ಹಲ್ಲೇ? ನೀನಾದರೂ ಬುದ್ಧಿ ಹೇಳಣ್ಣ" ಎಂದು ತಂಗಿ ನಮ್ಮಲ್ಲಿಗೆ ದೂರು ತಂದಳು. "ಮಾವ, ಹಲ್ಲು ನನ್ನದಲ್ಲವೆ? ಅಮ್ಮ ಮೂಗು ಚುಚ್ಚಿಸಿಕೊಂಡಾಗ ಯಾರ ಅಪ್ಪಣೆ ಕೇಳಿದ್ದಳು?" ಎಂದು ಹುಡುಗಿ ನಮ್ಮನ್ನೇ ಪ್ರಶ್ನಿಸಿದಳು. ಚೆಲುವಿನ ವಿಚಾರದಲ್ಲಿ ತೀರ್ಪು ಕೊಡುವ ಅಧಿಕಾರ ನಮಗಿಲ್ಲ. ಆದರೆ ಮೂಗಿಗೂ ಹಲ್ಲಿಗೂ ಇರುವ ವ್ಯತ್ಯಾಸವನ್ನು ಹೇಳಬಹುದಾಗಿತ್ತು. ಮೂಗುತಿಯನ್ನು ತೆಗೆದಿಟ್ಟರೆ ಮೂಗಿನ ರಂಧ್ರ ಕೆಲಮಟ್ಟಿಗಾದರೂ ಕೂಡಿಕೊಳ್ಳುತ್ತದೆ. ಏಕೆಂದರೆ ಚರ್ಮ ಜೀವಂತವಾದುದು. ಹಲ್ಲಿನ ಹೊರಮೈಯಲ್ಲಿ ಆ ಜೀವವಿಲ್ಲ.

ಹಲ್ಲಿನ ಹೊರಕವಚವನ್ನು ಎನಾಮಲ್ ಎಂದು ಕರೆಯುತ್ತಾರೆ. ನಮ್ಮ ಶರೀರದಲ್ಲಿ ಇದಕ್ಕಿಂತ ಗಡುಸಾದ ವಸ್ತು ಬೇರೊಂದಿಲ್ಲ. ತೂಕದಲ್ಲಿ ಶೇಕಡ 96ರಷ್ಟು ಭಾಗ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂಡಿದ ಖನಿಜವೇ. ಉಳಿದುದು ನೀರು ಮತ್ತು ಅತ್ಯಲ್ಪ ಜೈವಿಕ ದ್ರವ್ಯ. ಈ ಕವಚವನ್ನು ಕಟ್ಟುವ ಜೀವಕೋಶಗಳು ಹಲ್ಲು ಒಸಡಿನೊಳಗೆ ಹುದುಗಿರುವಾಗಲೇ ತಮ್ಮ ಕೆಲಸವನ್ನು ಮುಗಿಸುತ್ತವೆ. ಹಲ್ಲು ಬಾಯೊಳಗೆ ಮೂಡುವಷ್ಟರಲ್ಲಿ ಅವು ನಶಿಸಿಹೋಗುತ್ತವೆ. ಗುಡಿಯನ್ನು ಕಟ್ಟಿ ಮುಗಿಸಿದ ಶಿಲ್ಪಿಗಳು ಊರನ್ನೇ ತೊರೆದು ಹೋದಂತೆ! ಆಮೇಲೆ ಗೋಡೆಯಿಂದ ಒಂದು ಚಕ್ಕೆ ಹಾರಿದರೂ ಅದನ್ನು ಮತ್ತೆ ಕೂಡಿಸುವವರಿಲ್ಲ. ಆಮ್ಲದಿಂದ ಸ್ವಲ್ಪ ಮೆತ್ತಗಾದ ಎನಾಮಲಿಗೆ ಜೊಲ್ಲಿನಲ್ಲಿರುವ ಖನಿಜಗಳು ಮರಳಿ ಗಡುಸುತನವನ್ನು ಕೊಡಬಲ್ಲವು, ನಿಜ. ಆದರೆ ಅರೆದು ಹೋದ ಆಕಾರವನ್ನು ಅವು ತಂದುಕೊಡಲಾರವು.

ಮುಂದಿನ ಹಲ್ಲುಗಳ ಮುಖದ ಮೇಲೆ ಈ ಕವಚದ ದಪ್ಪ ಒಂದು ಮಿಲಿಮೀಟರ್ ಅಥವಾ ಅದಕ್ಕೂ ಕಡಮೆ. ಒಸಡಿನ ಬಳಿಗೆ ಬಂದಂತೆ ಇನ್ನೂ ತೆಳು. ಅದರ ಕೆಳಗಿರುವುದು ಡೆಂಟೀನ್. ಇದು ತುಸು ಹಳದಿಯಾದ, ಎನಾಮಲಿಗಿಂತ ಮೆದುವಾದ ಪದರ. ಕಣ್ಣಿಗೆ ಕಾಣದಷ್ಟು ಸಣ್ಣ ನಾಳಗಳು ಇದರಲ್ಲಿ ಒತ್ತಾಗಿ ತುಂಬಿವೆ. ಅವು ನರಗಳೂ ರಕ್ತನಾಳಗಳೂ ಇರುವ ಒಳತಿರುಳಿನ ಕಡೆಗೆ ಸಾಗುತ್ತವೆ. ಎನಾಮಲ್ ಸವೆದವರಿಗೆ ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುವುದು ಈ ನಾಳಗಳ ಮೂಲಕವೇ.

ಇಲ್ಲಿ ನಮ್ಮ ಸೋದರತ್ತೆಯ ಮಾತನ್ನು ಹೇಳಬೇಕು. ಆಕೆಯ ಮೇಲಿನ ಸಾಲಿನಲ್ಲಿ ಒಂದು ಚಿನ್ನದ ಹಲ್ಲಿತ್ತು. ಹಲ್ಲು ಹಾಳಾಗಿ ಹಾಕಿಸಿದ್ದಲ್ಲ; ಮದುವೆಯ ಮುಂಚೆ, ಊರ ಜಾತ್ರೆಗೆ ಬಂದಿದ್ದ ಹಲ್ಲು ಕಟ್ಟುವವನಿಂದ ಆಸೆಪಟ್ಟು ಹಾಕಿಸಿಕೊಂಡದ್ದು. ಆಕೆ ನಕ್ಕಾಗ ಅದು ದೀಪದ ಬೆಳಕಿನಲ್ಲಿ ಮಿನುಗುತ್ತಿದ್ದುದನ್ನು ನೋಡಲೆಂದೇ ಮಕ್ಕಳಾದ ನಾವು ಆಕೆಯನ್ನು ನಗಿಸುತ್ತಿದ್ದೆವು. ಅರುವತ್ತರ ವಯಸ್ಸಿನಲ್ಲಿ ಒಂದು ದೀಪಾವಳಿಯಂದು ಕೋಡುಬಳೆಯನ್ನು ಕಡಿಯುವಾಗ ಆ ಚಿನ್ನದ ಟೊಪ್ಪಿಗೆ ಕಳಚಿ ಕೈಗೆ ಬಂದಿತು. ಅದರ ಕೆಳಗೆ ಹಲ್ಲಿರಲಿಲ್ಲ. ಕಂದು ಬಣ್ಣದ, ಬೆಂಕಿಕಡ್ಡಿಯಷ್ಟು ದಪ್ಪದ ಮೋಟೊಂದು ಉಳಿದಿತ್ತು. ಚಿನ್ನದ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ. ಅದು ಬಾಯಲ್ಲಿ ತುಕ್ಕು ಹಿಡಿಯದು; ಎದುರಿನ ಹಲ್ಲನ್ನು ಹೆಚ್ಚಾಗಿ ಸವೆಯಿಸದು; ದಂತವೈದ್ಯರು ಅದನ್ನು ನೆಚ್ಚಿಕೊಂಡು ಬಂದಿರುವುದು ಸುಮ್ಮನೆ ಅಲ್ಲ. ಆದರೆ ಟೊಪ್ಪಿಗೆ ಕೂರಬೇಕಾದರೆ ಒಳಗಿನ ಹಲ್ಲನ್ನು ಸುತ್ತಲೂ ಅರೆದು ಸಣ್ಣದು ಮಾಡಬೇಕು. ಮೇಲಾಗಿ ಅದರ ಅಂಚು ಒಸಡಿನ ಬಳಿ ಕೂದಲೆಳೆಯಷ್ಟೂ ಬಿರುಕಿಲ್ಲದಂತೆ ಹೊಂದಬೇಕು. ಜಾತ್ರೆಯ ಕೆಲಸದಲ್ಲಿ ಅಂಥ ನಿಖರತೆಯನ್ನು ನಿರೀಕ್ಷಿಸುವಂತಿಲ್ಲ. ಸಂದಿಯಲ್ಲಿ ಸೇರಿದ ಅನ್ನದ ಕಣವನ್ನು ಕ್ರಿಮಿಗಳು ಆಮ್ಲವನ್ನಾಗಿ ಮಾರ್ಪಡಿಸಿ, ಕವಚವಿಲ್ಲದ ಹಲ್ಲನ್ನು ನಲವತ್ತು ವರ್ಷಗಳ ಕಾಲ ಕತ್ತಲೆಯಲ್ಲಿ ತಿಂದಿದ್ದವು. ಅತ್ತೆ ಆ ಚಿನ್ನವನ್ನು ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡರು. ಆಮೇಲೆ ಬಾಯಿಗೆ ಸೆರಗನ್ನು ಅಡ್ಡಹಿಡಿಯದೆ ಆಕೆ ನಕ್ಕುದನ್ನು ನಾವು ಕಾಣಲಿಲ್ಲ.

ಹಲ್ಲನ್ನು ತನ್ನಿಚ್ಛೆಯಂತೆ ತಿದ್ದಿಕೊಳ್ಳುವುದು ಇಂದಿನ ಕಾಲದ ಚಾಪಲ್ಯವೆಂದು ತಂಗಿ ವಾದಿಸಿದಳು. ಚರಿತ್ರೆ ಅವಳ ಪಕ್ಷದಲ್ಲಿಲ್ಲ. ಮಧ್ಯ ಅಮೆರಿಕದ ಮಾಯಾ ಜನರು, ಸುಮಾರು ಕ್ರಿ.ಶ. 250ರಿಂದ 900ರವರೆಗಿನ ತಮ್ಮ ಉಚ್ಛ್ರಾಯ ಕಾಲದಲ್ಲಿ, ಮುಂದಿನ ಹಲ್ಲುಗಳಲ್ಲಿ ದುಂಡನೆಯ ಕುಳಿಗಳನ್ನು ಕೊರೆದು ಹಸಿರು ಜೇಡ್ ಶಿಲೆಯ ಬಿಲ್ಲೆಗಳನ್ನು ಕೂಡಿಸುತ್ತಿದ್ದರು. ಅವರಲ್ಲಿ ಕಬ್ಬಿಣದ ಆಯುಧಗಳಿರಲಿಲ್ಲ. ಕೊರೆದುದು ಹೇಗೆ? ವಸ್ತುಗಳ ಗಡುಸನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾನದಲ್ಲಿ ಎನಾಮಲ್ 5ರ ಸ್ಥಾನದಲ್ಲಿದೆ, ಬೆಣಚುಕಲ್ಲು 7ರಲ್ಲಿದೆ. ಬೆಣಚುಕಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ, ಅದನ್ನು ಹಲ್ಲಿನ ಮೇಲೆ ಒಂದು ಕೊಳವೆಯ ತುದಿಯಿಂದ ತಿರುಗಿಸುತ್ತಿದ್ದರೆ, ಕೊರೆಯುವುದು ಕೊಳವೆಯಲ್ಲ, ಪುಡಿ. ಕುಳಿಯ ಅಳತೆಗೆ ಬಿಲ್ಲೆ ಎಷ್ಟು ಬಿಗಿಯಾಗಿ ಕೂಡುತ್ತಿತ್ತೆಂದರೆ, ಸಾವಿರಕ್ಕೂ ಹೆಚ್ಚು ವರ್ಷಗಳ ಅನಂತರ ಅಗೆದು ತೆಗೆದ ತಲೆಬುರುಡೆಗಳಲ್ಲಿ ಅನೇಕ ಬಿಲ್ಲೆಗಳು ಇದ್ದಲ್ಲಿಯೇ ಇವೆ. ಅವರು ಬಳಸಿದ ಅಂಟಿನಲ್ಲಿ ಪೈನ್ ಮರದ ರಾಳವೂ ಪರಿಮಳ ಸಸ್ಯಗಳ ಸಾರವೂ ಇದ್ದುವೆಂದು 2022ರಲ್ಲಿ ಪ್ರಕಟವಾದ ರಾಸಾಯನಿಕ ಪರೀಕ್ಷೆಯೊಂದು ತೋರಿಸಿತು. ಕೈ ತಪ್ಪಿ ತಿರುಳಿನವರೆಗೆ ಕೊರೆದ ಹಲ್ಲುಗಳೂ ಸಿಕ್ಕಿವೆ. ಅವುಗಳ ಬೇರಿನ ಸುತ್ತ ಕೀವು ಕಟ್ಟಿದ ಗುರುತು ದವಡೆಯ ಎಲುಬಿನಲ್ಲಿ ಉಳಿದಿದೆ.

ಇಂಡೋನೇಷಿಯದ ಬಾಲಿ ದ್ವೀಪದ ಹಿಂದೂಗಳಲ್ಲಿ ಇದಕ್ಕೆ ವಿರುದ್ಧವಾದ ಸಂಪ್ರದಾಯವೊಂದಿದೆ. ಮದುವೆಗೆ ಮುಂಚೆ ಮೇಲಿನ ಆರು ಹಲ್ಲುಗಳ ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡುತ್ತಾರೆ. ಆರೇ ಏಕೆ? ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳೆಂಬ ಆರು ವೈರಿಗಳನ್ನು ಮೊಂಡಾಗಿಸುವುದಕ್ಕೆ! ಕೋರೆಯ ಚೂಪು ಮೃಗದ ಲಕ್ಷಣ, ಅದನ್ನು ಕಳೆದುಕೊಂಡವನು ಮನುಷ್ಯ, ಎಂಬುದು ಅಲ್ಲಿಯ ಭಾವನೆ. ನಮ್ಮ ತಂಗಿಗೆ ಈ ಪದ್ಧತಿ ಬಹಳ ಮೆಚ್ಚಿಕೆಯಾಯಿತು. ಈಗ ಅನೇಕ ಕಡೆ ಅರವನ್ನು ಹೆಸರಿಗೆ ಮಾತ್ರ ಆಡಿಸುತ್ತಾರೆ.

ಇವೆರಡರಲ್ಲಿಯೂ ಕಳೆಯುವ ಕೆಲಸವುಂಟು. ಜಪಾನಿನ ಹಳೆಯ ದಂತಾಲಂಕಾರದಲ್ಲಿ ಇದ್ದುದು ಕೂಡಿಸುವ ಕೆಲಸ ಮಾತ್ರ. ಅಲ್ಲಿ ಶತಮಾನಗಳ ಕಾಲ ಕುಲೀನರೂ ಆಮೇಲೆ ವಿವಾಹಿತ ಸ್ತ್ರೀಯರೂ ಹಲ್ಲಿಗೆ ಕಾಡಿಗೆಯಂಥ ಕಪ್ಪು ಬಣ್ಣವನ್ನು ಕಟ್ಟಿಕೊಳ್ಳುತ್ತಿದ್ದರು. 'ಒಹಗುರೊ' ಎಂದು ಅದರ ಹೆಸರು. ಕಬ್ಬಿಣದ ಚೂರುಗಳನ್ನು ಹುಳಿಯಲ್ಲಿ ನೆನೆಹಾಕಿ ತೆಗೆದ ದ್ರಾವಣ ಒಂದು; ಮರದ ಗಂಟುಕಾಯಿಯ ಒಗರು ಪುಡಿ ಇನ್ನೊಂದು. ಎರಡೂ ಹಲ್ಲಿನ ಮೇಲೆ ಕೂಡಿದಾಗ, ಗಾಳಿಯ ಆಮ್ಲಜನಕದ ನೆರವಿನಿಂದ, ನೀರಿನಲ್ಲಿ ಕರಗದ ಕಪ್ಪು ವಸ್ತುವೊಂದು ಹುಟ್ಟುತ್ತದೆ. ಇದರಲ್ಲಿ ನಮಗೆ ಅಪರಿಚಿತವಾದುದು ಏನೂ ಇಲ್ಲ. ಅಳಲೆಕಾಯಿಯ ಒಗರಿಗೆ ಅನ್ನಭೇದಿಯನ್ನು ಬೆರೆಸಿ ನಮ್ಮ ಹಿರಿಯರು ಬರೆವಣಿಗೆಗೆ ಮಾಡುತ್ತಿದ್ದ ಮಸಿಯೂ ಇದೇ ರಸಾಯನವೇ. ಉತ್ತರ ಹಿಂದೂಸ್ಥಾನದಲ್ಲಿಯೂ ದಖನ್ನಿನಲ್ಲಿಯೂ ಸ್ತ್ರೀಯರು ಹಲ್ಲಿಗೆ ಹಚ್ಚುತ್ತಿದ್ದ ಮಿಸ್ಸಿಯೂ ಇದರ ಹತ್ತಿರದ ಬಂಧುವೇ. ದುರ್ವಾಸನೆಯೊಂದನ್ನು ಬಿಟ್ಟರೆ ಒಹಗುರೊದಿಂದ ಹಲ್ಲಿಗೆ ಕೆಡುಕಾಗಲಿಲ್ಲ. ಆ ಕಪ್ಪು ಲೇಪ ಹುಳುಕನ್ನು ತಡೆಯುತ್ತಿತ್ತೆಂದು ದಂತಶಾಸ್ತ್ರಜ್ಞರು ಹೇಳುತ್ತಾರೆ. ಜಪಾನಿನ ಸರ್ಕಾರ 1870ರಲ್ಲಿ ಕುಲೀನರಿಗೆ ಇದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿಯ ಹಲ್ಲುಗಳೊಡನೆ ಜನರೆದುರು ಕಾಣಿಸಿಕೊಂಡಳು. ಅಲ್ಲಿಂದ ಮುಂದೆ ಬಿಳುಪೇ ನಾಗರಿಕತೆಯ ಚಿಹ್ನೆಯಾಯಿತು. ಒಂದು ಆಜ್ಞೆ, ಒಂದು ದರ್ಶನ, ಇಷ್ಟರಿಂದ ಚೆಲುವಿನ ಅರ್ಥ ತಲೆಕೆಳಗಾದುದನ್ನು ಕಂಡಾಗ, ಈ ವಿಷಯದಲ್ಲಿ ಗಟ್ಟಿಯಾಗಿ ಮಾತಾಡುವ ಧೈರ್ಯ ನಮಗೆ ಉಳಿಯಲಿಲ್ಲ.

ಕಳೆಯುವ ಕೆಲಸದ ಇಂದಿನ ಉದಾಹರಣೆ ನೈಜೀರಿಯದಲ್ಲಿದೆ. ಅಲ್ಲಿಯ ಯೊರುಬಾ ಜನರಲ್ಲಿ ಮೇಲಿನ ಎರಡು ಬಾಚಿಹಲ್ಲುಗಳ ನಡುವಿನ ಸಂದು ಚೆಲುವಿನ ಗುರುತು. ಹುಟ್ಟಿನಿಂದ ಅದನ್ನು ಪಡೆಯದ ಕೆಲವರು ದಂತವೈದ್ಯರ ಬಳಿ ಹೋಗಿ ಆ ಸಂದನ್ನು ಮಾಡಿಸಿಕೊಳ್ಳುವುದುಂಟು. ತಂತಿಯ ಸಹಾಯದಿಂದ ಹಲ್ಲುಗಳನ್ನು ಮೆಲ್ಲನೆ ದೂರ ಸರಿಸಿದರೆ ಎನಾಮಲಿಗೆ ನಷ್ಟವಿಲ್ಲ. ಒಂದೇ ದಿನದಲ್ಲಿ ಆಗಬೇಕೆಂದು ಎರಡೂ ಹಲ್ಲುಗಳ ಅಂಚನ್ನು ಅರೆದರೆ ಡೆಂಟೀನ್ ಹೊರಬೀಳುವ ಭಯವಿದೆ. ಬೇಡಿದ ರೂಪ ಒಂದೇ, ದಾರಿ ಎರಡು.

ಹಾಗಾದರೆ ಏನನ್ನೂ ಕಳೆಯದೆ ಹಲ್ಲಿಗೆ ಹೊಸ ರೂಪವನ್ನು ಕೂಡಿಸಲು ಸಾಧ್ಯವೆ? 1930ರ ದಶಕದಲ್ಲಿ ಹಾಲಿವುಡ್ಡಿನ ನಟನಟಿಯರಿಗೆ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯರು ತೆಳುವಾದ ಹೊದಿಕೆಗಳನ್ನು ಮಾಡಿಕೊಡುತ್ತಿದ್ದರು. ಬಾಲನಟಿ ಶರ್ಲಿ ಟೆಂಪಲ್ಲಳ ಹಾಲುಹಲ್ಲು ಬಿದ್ದ ಎಡೆಯೂ ತೆರೆಯ ಮೇಲೆ ಕಾಣಿಸದಂತೆ ಅವರು ಮುಚ್ಚಿದರು. ಆದರೆ ಅವರ ಬಳಿ ಗಟ್ಟಿಯಾದ ಅಂಟಿರಲಿಲ್ಲ. ಚಿತ್ರೀಕರಣ ಮುಗಿದೊಡನೆ ಹೊದಿಕೆಯನ್ನು ಕಳಚಬೇಕಾಗಿತ್ತು. ಸದಾ ಒದ್ದೆಯಾಗಿರುವ, ಗಾಜಿನಂತೆ ನುಣ್ಣಗಿರುವ ಎನಾಮಲಿನ ಮೇಲೆ ಯಾವುದೂ ನಿಲ್ಲುವುದಿಲ್ಲ.

ಈ ತೊಡಕನ್ನು ಬಿಡಿಸಿದವರು ಅಮೆರಿಕದ ರೋಚೆಸ್ಟರ್ ನಗರದಲ್ಲಿದ್ದ ಮೈಕೇಲ್ ಬೂನೊಕೋರ್. ಲೋಹದ ಮೇಲೆ ಬಣ್ಣ ಚೆನ್ನಾಗಿ ಹಿಡಿಯಲೆಂದು ಕಾರ್ಖಾನೆಗಳಲ್ಲಿ ಮೊದಲು ಫಾಸ್ಫಾರಿಕ್ ಆಮ್ಲವನ್ನು ಸವರುವುದುಂಟು. ಹಲ್ಲಿಗೂ ಹಾಗೆಯೇ ಮಾಡಿದರೇನು ಎಂದು ಅವರು ಯೋಚಿಸಿದರು. 1955ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದ ಎನಾಮಲಿನ ಮೇಲೆ ರಾಳವು ಬಿಡದೆ ಹಿಡಿದುಕೊಂಡಿತು. ಕಾರಣ ಸರಳವಾದುದು. ಎನಾಮಲ್ ಒಂದೇ ಅಚ್ಚಿನ ಗಟ್ಟಿಯಲ್ಲ. ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ದಪ್ಪವಿರುವ ಅಸಂಖ್ಯ ಕಡ್ಡಿಗಳ ಕಟ್ಟು. ಆಮ್ಲ ಈ ಕಡ್ಡಿಗಳ ತುದಿಗಳನ್ನು ಏರುಪೇರಾಗಿ ಕರಗಿಸುತ್ತದೆ. ನುಣುಪಾದ ಮೈ ಜೇನುಹುಟ್ಟಿನಂತಾಗುತ್ತದೆ. ದ್ರವರೂಪದ ರಾಳ ಆ ರಂಧ್ರಗಳಿಗೆ ಇಳಿದು ಗಟ್ಟಿಯಾದಾಗ, ಗೋಡೆಯಲ್ಲಿ ಹೂತ ಸಾವಿರಾರು ಗೂಟಗಳಂತೆ ಹಿಡಿದು ನಿಲ್ಲುತ್ತದೆ. ಇದಕ್ಕಾಗಿ ಕಳೆದುಕೊಳ್ಳುವ ಎನಾಮಲ್ ಮಿಲಿಮೀಟರಿನ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. 1962ರಲ್ಲಿ ರಾಫೆಲ್ ಬೋವೆನ್ ಪೇಟೆಂಟು ಪಡೆದ ಹೊಸ ರಾಳ ಈ ಕ್ರಮಕ್ಕೆ ಬಲ ಕೊಟ್ಟಿತು. ಗಾಜಿನಂಥ ಸಣ್ಣ ಕಣಗಳನ್ನು ಬೆರೆಸಿದ ಅಂಥ ರಾಳವನ್ನು ಇಂದು ವೈದ್ಯರು ಹಲ್ಲಿನ ಮೇಲೆ ಬೇಕಾದ ಆಕಾರಕ್ಕೆ ತಿದ್ದಿ, ನೀಲಿ ಬೆಳಕನ್ನು ಹಾಯಿಸಿ ಕೆಲವು ಸೆಕೆಂಡುಗಳಲ್ಲಿ ಗಟ್ಟಿ ಮಾಡುತ್ತಾರೆ. ಚೂಪು ಬೇಕಾದವರಿಗೆ ಚೂಪು; ಮೊಂಡು ಬೇಕಾದವರಿಗೆ ಮೊಂಡು.

ಪಿಂಗಾಣಿಯ ಹೊದಿಕೆಯನ್ನೂ ಇದೇ ರೀತಿ ಬೆಸೆಯುವ ಕ್ರಮ 1980ರ ದಶಕದಲ್ಲಿ ರೂಢಿಗೆ ಬಂದಿತು. ಅದು ನೋಡಲು ಸೊಗಸು, ಕಲೆ ಹಿಡಿಯದು, ರಾಳಕ್ಕಿಂತ ಹೆಚ್ಚು ಕಾಲ ಬಾಳುತ್ತದೆ. ಆದರೆ ಹಲ್ಲು ಉಬ್ಬಿದಂತೆ ಕಾಣದಿರಲೆಂದು ಸಾಮಾನ್ಯವಾಗಿ ಎನಾಮಲನ್ನು ಅರ್ಧ ಮಿಲಿಮೀಟರಿನಷ್ಟು ಅರೆದೇ ಅದನ್ನು ಕೂಡಿಸುತ್ತಾರೆ. ಇರುವುದೇ ಒಂದು ಮಿಲಿಮೀಟರ್ ಎಂಬುದನ್ನು ವಾಚಕರು ನೆನೆಯಬೇಕು. ಒಮ್ಮೆ ಅರೆಯಿಸಿದವರು ಆ ಹೊದಿಕೆ ಒಡೆದಾಗ ಇನ್ನೊಂದನ್ನು, ಅದೂ ಹೋದಾಗ ಮತ್ತೊಂದನ್ನು ಹಾಕಿಸುತ್ತಲೇ ಇರಬೇಕು. ಐವತ್ತು ವರ್ಷದವರಿಗೆ ಈ ಲೆಕ್ಕ ಒಂದು ಬಗೆ. ಇಪ್ಪತ್ತರ ಹುಡುಗಿಗೆ ಬೇರೆಯೇ ಬಗೆ. ಎಳೆಯ ವಯಸ್ಸಿನಲ್ಲಿ ಒಳತಿರುಳು ದೊಡ್ಡದಾಗಿ, ಹೊರಮೈಗೆ ಹತ್ತಿರವಾಗಿಯೂ ಇರುತ್ತದೆ.

ಕೋರೆಯ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. ವಾಚಕರು ಕನ್ನಡಿಯ ಮುಂದೆ ಹಲ್ಲು ಕೂಡಿಸಿ, ಕೆಳದವಡೆಯನ್ನು ಮೆಲ್ಲನೆ ಒಂದು ಪಕ್ಕಕ್ಕೆ ಸರಿಸಿ ನೋಡಲಿ. ಅನೇಕರಲ್ಲಿ ಕೆಳಗಿನ ಕೋರೆ ಮೇಲಿನ ಕೋರೆಯ ಹಿಂಬದಿಯ ಮೇಲೆ ಜಾರುತ್ತದೆ. ಅಷ್ಟರಲ್ಲಿ ಹಿಂದಿನ ಹಲ್ಲುಗಳು ಒಂದರಿಂದೊಂದು ಬೇರ್ಪಟ್ಟಿರುತ್ತವೆ. ಪಕ್ಕದ ಉಜ್ಜಾಟದಿಂದ ದವಡೆಹಲ್ಲುಗಳನ್ನು ಕಾಪಾಡುವ ಈ ಭಾರವನ್ನು ಹೊರಲೆಂದೇ ಎಂಬಂತೆ ಮೇಲಿನ ಕೋರೆಗೆ ಬಾಯಿಯಲ್ಲೆಲ್ಲ ಉದ್ದವಾದ ಬೇರು, ಸುಮಾರು 17 ಮಿಲಿಮೀಟರ್, ದೊರೆತಿದೆ. ಅಂಥ ಹಲ್ಲಿನ ತುದಿಗೆ ಉದ್ದವನ್ನು ಕೂಡಿಸಿದರೆ ಕಚ್ಚುವಿಕೆಯ ಲೆಕ್ಕವೇ ಬದಲಾಗಬಹುದು. ಹೊರಮುಖಕ್ಕೆ ಕೂಡಿಸಿದರೆ ಆ ತೊಂದರೆ ಕಡಮೆ. ಆದರೆ ತುಟಿಗೆ ತಗುಲುತ್ತದೆ, ಒಸಡಿನ ಅಂಚಿನಲ್ಲಿ ಕೊಳೆ ನಿಲ್ಲುತ್ತದೆ. ಮನೆಯಲ್ಲಿಯೇ ಪ್ಲಾಸ್ಟಿಕ್ಕಿನ ಕೋರೆಗಳನ್ನು ಅಂಗಡಿಯ ಅಂಟಿನಿಂದ ಮೆತ್ತಿಕೊಳ್ಳುವವರ ಸುದ್ದಿಯನ್ನೂ ಕೇಳಿದ್ದೇವೆ. ಆ ಅಂಟುಗಳು ಬಾಯಿಗಾಗಿ ಮಾಡಿದವಲ್ಲ. ಅವನ್ನು ಕೀಳುವಾಗ ಎನಾಮಲಿನ ಚಕ್ಕೆಯೂ ಜೊತೆಗೆ ಬರಬಹುದು.

ಇಷ್ಟನ್ನು ತಿಳಿದುಕೊಂಡ ಮೇಲೆ ನಾವು ಸೊಸೆಯನ್ನು ನಮಗೆ ಪರಿಚಯವಿರುವ ದಂತವೈದ್ಯರೊಬ್ಬರ ಬಳಿಗೆ ಕರೆದೊಯ್ದೆವು. ತಂಗಿಯೂ ಬಂದಿದ್ದಳು, ವೈದ್ಯರು ಹುಡುಗಿಯನ್ನು ಗದರಿಸಿ ಕಳುಹಿಸುವರೆಂದು ಅವಳ ಆಶೆ. ಅವರು ಗದರಿಸಲಿಲ್ಲ. ಹಲ್ಲಿನ ಅಚ್ಚು ತೆಗೆದು, ಗಾರೆಯ ಮಾದರಿಯ ಮೇಲೆ ಮೇಣದ ಎರಡು ಕೋರೆಗಳನ್ನು ಕಟ್ಟಿ, "ಇಷ್ಟು ಚೂಪು ಸಾಕೆ, ಇನ್ನೂ ಬೇಕೆ?" ಎಂದು ಕೇಳಿದರು. ಅನಂತರ ಅರವನ್ನು ಮುಟ್ಟದೆ, ಒಂದು ಚುಕ್ಕೆಯಷ್ಟು ಎಡೆಗೆ ಮಾತ್ರ ಆಮ್ಲವನ್ನು ಸೋಕಿಸಿ, ರಾಳದಿಂದ ಅದೇ ರೂಪವನ್ನು ಎರಡು ಹಲ್ಲುಗಳಿಗೂ ಹಗುರವಾಗಿ ಕೂಡಿಸಿದರು. "ಒಂದು ವಾರ ಉಣ್ಣಮ್ಮ, ಮಾತಾಡು, ನಗು. ಬೇಡವೆಂದರೆ ಬಿಡಿಸಿಬಿಡುತ್ತೇನೆ, ಒಳಗೆ ನಿನ್ನ ಹಲ್ಲು ಹಾಗೆಯೇ ಇರುತ್ತದೆ" ಎಂದರು. ಭದ್ರವಾಗಿ ಬೆಸೆದರೂ ಈ ರಾಳ ಚಿರಕಾಲ ಉಳಿಯುವುದಿಲ್ಲವೆಂದೂ, ಕಾಫಿಯಿಂದ ಬಣ್ಣಗೆಡುವುದೆಂದೂ, ಕೆಲವು ವರ್ಷಗಳಿಗೊಮ್ಮೆ ದುರಸ್ತಿ ಬೇಕಾಗುವುದೆಂದೂ, ತೆಗೆದು ನಯಗೊಳಿಸುವಾಗ ಎನಾಮಲಿನ ಮೇಲೆ ಅತಿ ಸೂಕ್ಷ್ಮವಾದ ಗೀರುಗಳು ಬೀಳಬಹುದೆಂದೂ ಅವರು ಮರೆಮಾಚದೆ ತಿಳಿಸಿದರು.

ಎರಡನೆಯ ದಿನ ಹುಡುಗಿ ಕೆಳತುಟಿಯನ್ನು ಕಡಿದುಕೊಂಡಳು. ನಾಲ್ಕನೆಯ ದಿನ ನೆಂಟರ ಮದುವೆಯಲ್ಲಿ ಆ ಕೋರೆಗಳನ್ನು ತೋರಿಸಿಕೊಂಡೇ ನಕ್ಕಳು, ಇಬ್ಬರು ಅಜ್ಜಿಯರು "ಅಯ್ಯೋ, ಹಲ್ಲು ಹೀಗೇಕಾಯಿತು ಮಗು?" ಎಂದು ಮರುಗಿದರು. ವಾರ ಕಳೆದ ಮೇಲೆ ಅವಳು ತಾನಾಗಿಯೇ ವೈದ್ಯರ ಬಳಿಗೆ ಹೋಗಿ, ತುಟಿಗೆ ತಾಗುತ್ತಿದ್ದ ಎಡಗಡೆಯದನ್ನು ಬಿಡಿಸಿ, ಬಲಗಡೆಯದನ್ನು ಭದ್ರಪಡಿಸಿಕೊಂಡು ಬಂದಳು. ಎರಡಕ್ಕಿಂತ ಒಂದೇ ತನಗೆ ಒಪ್ಪುತ್ತದೆಂದು ಅವಳ ಅಭಿಪ್ರಾಯ. ಅವಳ ತಾಯಿ ಈಗ ಫೋಟೋ ತೆಗೆಯಿಸುವಾಗಲೆಲ್ಲ ಮಗಳನ್ನು ಎಡಮುಖವಾಗಿ ನಿಲ್ಲಿಸುತ್ತಾಳೆ. ಹುಡುಗಿ ಕೊನೆಯ ಗಳಿಗೆಯಲ್ಲಿ ಮುಖ ತಿರುಗಿಸುತ್ತಾಳೆ.